ಆ್ಯಪ್‌ಗೆ ಡೇಟಾಬೇಸ್ ಸರ್ವರ್: ಯಾವ ಎಂಜಿನ್, ಎಲ್ಲಿ, ಎಷ್ಟು ಖಾತೆ?

ಡೇಟಾಬೇಸ್ ಆರಿಸುವಾಗ ಚರ್ಚೆಯೆಲ್ಲ ಎಂಜಿನ್ (ಡೇಟಾಬೇಸ್ ನಡೆಸುವ ಸಾಫ್ಟ್‌ವೇರ್) ಪೋಸ್ಟ್‌ಗ್ರೆಸ್ಸೋ ಮೈಎಸ್‌ಕ್ಯೂಎಲ್ಲೋ ಎನ್ನುವುದರಲ್ಲೇ ಕಳೆದುಹೋಗುತ್ತದೆ. ಆಮೇಲೆ ಇನ್‌ಸ್ಟಾಲ್ ಮಾಡಿ, ಅಡ್ಮಿನ್ ಪಾಸ್‌ವರ್ಡನ್ನೇ ಆ್ಯಪ್‌ನ ಕಾನ್ಫಿಗ್‌ಗೆ ಹಾಕಿ ಕೈತೊಳೆದುಕೊಳ್ಳುವುದು ವಾಡಿಕೆ. ನಿಜ ಹೇಳಬೇಕೆಂದರೆ ಎರಡರಲ್ಲಿ ಯಾವುದನ್ನು ಹಿಡಿದರೂ ಬಹುಪಾಲು ಆ್ಯಪ್‌ಗಳು ಚೆನ್ನಾಗಿಯೇ ಓಡುತ್ತವೆ. ಸರ್ವರ್ ಎಲ್ಲಿ ಕೂರಬೇಕು, ಆ್ಯಪ್ ಯಾವ ಹೆಸರಿನಲ್ಲಿ ಒಳಗೆ ಹೋಗಬೇಕು, ಆ ಹೆಸರಿಗೆ ಏನೇನು ಮಾಡಲು ಬಿಡಬೇಕು ಎನ್ನುವುದನ್ನು ಮೊದಲೇ ಯೋಚಿಸದಿದ್ದರೆ ಆಮೇಲೆ ತಿದ್ದುವುದು ಕಷ್ಟ. ಅದಕ್ಕೇ ಇಲ್ಲಿ ಎಂಜಿನ್ ವಿಷಯ ಬೇಗ ಮುಗಿಸಿ, ಖಾತೆಗಳ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಸರ್ವರೇ ಬೇಡದಿದ್ದರೆ

ಒಂದೇ ಮೆಷಿನ್, ಒಂದೇ ಆ್ಯಪ್, ಓದುವುದು ಹೆಚ್ಚು ಬರೆಯುವುದು ಕಡಿಮೆ ಎಂದಾದರೆ ಇಡೀ ಡೇಟಾಬೇಸನ್ನು ಒಂದು ಫೈಲಿನಲ್ಲಿಡುವ ಎಸ್‌ಕ್ಯೂಲೈಟ್ ಸಾಕು. ಅದರಲ್ಲಿ ಖಾತೆಯೂ ಇಲ್ಲ, ಪಾಸ್‌ವರ್ಡೂ ಇಲ್ಲ. ಫೈಲನ್ನು ಯಾರು ತೆರೆಯಬಲ್ಲರೋ ಅವರಿಗೆ ಎಲ್ಲವೂ ಸಿಗುತ್ತದೆ. ಹಾಗಾಗಿ ಆ್ಯಪ್ ಓಡುವ ಆಪರೇಟಿಂಗ್ ಸಿಸ್ಟಂ ಯೂಸರ್‌ಗೆ ಮಾತ್ರ ಆ ಫೈಲಿನ ಅನುಮತಿ ಇರಲಿ. ಫೈಲಿಗೆ ಬರೆಯುವ ಅನುಮತಿ ಕೊಟ್ಟು ಫೋಲ್ಡರ್‌ಗೆ ಕೊಡದಿದ್ದರೆ ಓದುವುದು ನಡೆಯುತ್ತದೆ, ಬರೆಯಲು ಹೋದರೆ ಎರರ್ ಬರುತ್ತದೆ. ಜರ್ನಲ್ ಫೈಲನ್ನು (ಬರೆಯುವುದು ನಡುವೆ ಕೆಟ್ಟರೆ ಹಿಂದಿರುಗಲು ಇಡುವ ತಾತ್ಕಾಲಿಕ ಫೈಲ್) ಅದೇ ಫೋಲ್ಡರಿನಲ್ಲಿ ಸೃಷ್ಟಿಸಬೇಕಾಗುವುದೇ ಇದಕ್ಕೆ ಕಾರಣ.

ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ವಾಲ್ ಮೋಡ್ (ಬದಲಾವಣೆಗಳನ್ನು ಮೊದಲು ಬೇರೊಂದು ಲಾಗ್ ಫೈಲಿಗೆ ಬರೆಯುವ ವಿಧಾನ) ಹಾಕಿದರೆ ಬರೆಯುತ್ತಿರುವಾಗಲೂ ಉಳಿದವರು ಓದಬಹುದು, ಆದರೆ ನೆಟ್‌ವರ್ಕ್ ಡ್ರೈವ್ ಮೇಲೆ ವಾಲ್ ನಡೆಯುವುದಿಲ್ಲ. ಬ್ಯುಸಿ ಟೈಮ್‌ಔಟ್ ತಾನಾಗಿ ಸೊನ್ನೆ ಇರುವುದರಿಂದ ಸ್ವಲ್ಪ ಪೈಪೋಟಿ ಬಂದರೂ ‘ಡೇಟಾಬೇಸ್ ಈಸ್ ಲಾಕ್ಡ್’ ಎಂದುಬಿಡುತ್ತದೆ. 5000 ಮಿಲಿಸೆಕೆಂಡ್ ಇಟ್ಟರೆ ಈ ದೂರು ಬಹುಮಟ್ಟಿಗೆ ಅಡಗುತ್ತದೆ. ಫಾರಿನ್ ಕೀ (ಒಂದು ಟೇಬಲ್‌ನಿಂದ ಇನ್ನೊಂದರ ಸಾಲಿಗಿರುವ ಕೊಂಡಿ) ಪರಿಶೀಲನೆಯೂ ಮೊದಲಿಗೆ ಆಫ್ ಆಗಿಯೇ ಇರುತ್ತದೆ, ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ ಎಂಬ ಸೆಟ್ಟಿಂಗ್ ಕಮಾಂಡ್ ಕೊಟ್ಟು ಆನ್ ಮಾಡಬೇಕು. ಬ್ಯಾಕಪ್‌ಗೆ ಓಡುತ್ತಿರುವ ಫೈಲನ್ನು ಸುಮ್ಮನೆ ಕಾಪಿ ಹೊಡೆಯಬೇಡಿ, ಬ್ಯಾಕಪ್ ಕಮಾಂಡ್ ಅಥವಾ ‘ವ್ಯಾಕ್ಯೂಮ್ ಇಂಟು’ ಬಳಸಿ. ಆದರೆ ಎರಡನೆಯ ಆ್ಯಪ್ ಸರ್ವರ್ ಬರುವ ಸೂಚನೆಯಿದ್ದರೆ ಎಸ್‌ಕ್ಯೂಲೈಟ್ ಕಡೆ ತಿರುಗಿಯೂ ನೋಡಬೇಡಿ.

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಮಾರಿಯಾಡಿಬಿ

ನೀವು ಓಡಿಸುವ ಸಾಫ್ಟ್‌ವೇರ್ ಒಂದನ್ನೇ ಕೇಳಿದರೆ ಚರ್ಚೆಗೆ ಜಾಗವಿಲ್ಲ. ವರ್ಡ್‌ಪ್ರೆಸ್ಸಿಗೆ ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿಯೇ ಬೇಕು. ಸ್ವಂತ ಕೋಡ್ ಆದರೆ, ತಂಡದಲ್ಲಿ ಯಾರಿಗೆ ಯಾವುದು ಕೈಗೆ ಹತ್ತಿದೆಯೋ ಅದನ್ನೇ ಹಿಡಿಯಿರಿ. ಯಾರಿಗೂ ಯಾವುದೂ ಗೊತ್ತಿಲ್ಲದಿದ್ದರೆ ನಮ್ಮ ಮತ ಪೋಸ್ಟ್‌ಗ್ರೆಸ್ಸಿಗೆ, ಮುಖ್ಯವಾಗಿ ಮೈಗ್ರೇಷನ್, ಅಂದರೆ ಟೇಬಲ್‌ಗಳ ರಚನೆಯನ್ನು ಹಂತಹಂತವಾಗಿ ಬದಲಿಸುವ ಕೆಲಸದ ಕಾರಣಕ್ಕೆ. ಟೇಬಲ್ ಬದಲಿಸುವ ಬಹುತೇಕ ಕಮಾಂಡ್‌ಗಳನ್ನು ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಕಟ್ಟು) ಒಳಗೇ ಹಾಕಬಹುದು. ಐದನೆಯ ಹೆಜ್ಜೆಯಲ್ಲಿ ಎಡವಿದರೆ ಮೊದಲ ನಾಲ್ಕೂ ವಾಪಸ್ ಆಗುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಅಂಥ ಪ್ರತಿ ಕಮಾಂಡೂ ಆ ಕ್ಷಣವೇ ಕಮಿಟ್ ಆಗಿ ಕಾಯಂ ಆಗುತ್ತದೆ. ನಡುವೆ ಬಿದ್ದರೆ ಟೇಬಲ್‌ಗಳ ರಚನೆ ಅರ್ಧಂಬರ್ಧ ಉಳಿಯುತ್ತದೆ, ಕೈಯಾರೆ ಸರಿಮಾಡಬೇಕು.

ಮೈಎಸ್‌ಕ್ಯೂಎಲ್ ಪರವಾಗಿಯೂ ಹೇಳಲು ಇದೆ. ಅಲ್ಲಿ ಪ್ರತಿ ಕನೆಕ್ಷನ್‌ಗೆ ಒಂದು ಥ್ರೆಡ್, ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪೂರ್ತಿ ಪ್ರೋಸೆಸ್. ನೂರಾರು ಕನೆಕ್ಷನ್ ತೆರೆದಿಡುವ ಆ್ಯಪ್ ಆದರೆ ಮೈಎಸ್‌ಕ್ಯೂಎಲ್ ಹೆಚ್ಚು ಸಹಿಸಿಕೊಳ್ಳುತ್ತದೆ. ಅಕ್ಷರಗಳ ಕಡೆ ಮಾತ್ರ ಗಮನ ಇರಲಿ: ಹಳೆಯ ‘ಯುಟಿಎಫ್8’ ಎಂಬ ಹೆಸರು ಅಲ್ಲಿ ಮೂರು ಬೈಟಿನ ಆವೃತ್ತಿಯನ್ನು ಸೂಚಿಸುತ್ತದೆ. ಕನ್ನಡ ಅಕ್ಷರಗಳು ಮೂರು ಬೈಟಿನಲ್ಲಿ ಹಿಡಿಯುವುದರಿಂದ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಳಕೆದಾರರೊಬ್ಬರು ನಾಲ್ಕು ಬೈಟಿನ ಇಮೋಜಿ ಹಾಕಿದ ದಿನ ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’ ಎರರ್ ಬರುತ್ತದೆ. ‘ಯುಟಿಎಫ್8ಎಂಬಿ4’ ಎಂದೇ ಬರೆಯಿರಿ. 8.0ರಿಂದೀಚೆಗೆ ಡೀಫಾಲ್ಟ್ ಅದೇ, ಆದರೆ ಹಳೆಯ ಡಂಪ್ (ಡೇಟಾಬೇಸನ್ನು ಫೈಲಿಗೆ ಇಳಿಸಿದ ಪ್ರತಿ) ರೀಸ್ಟೋರ್ ಮಾಡಿದರೆ ಹಳೆಯ ವ್ಯವಸ್ಥೆಯೂ ಜೊತೆಗೇ ಬರುತ್ತದೆ.

ಮಾರಿಯಾಡಿಬಿ 2009ರಲ್ಲಿ ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದದ್ದು. ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಬಹುದೆಂಬ ಮಾತು ಈಗ ಹಳತಾಗಿದೆ. ಮಾರಿಯಾಡಿಬಿಯಲ್ಲಿ ಜೆಸನ್ ಎಂಬ ಟೈಪ್ ಒಳಗೊಳಗೆ ಉದ್ದದ ಪಠ್ಯವೇ, ಮೈಎಸ್‌ಕ್ಯೂಎಲ್‌ನಲ್ಲಿ ಅದು ಬೇರೆಯೇ ಟೈಪ್. ಒಂದರಲ್ಲಿ ಡೆವಲಪ್ ಮಾಡಿ ಇನ್ನೊಂದರಲ್ಲಿ ಪ್ರೊಡಕ್ಷನ್ ನಡೆಸಬೇಡಿ.

ಎಲ್ಲಿ ಕೂರಿಸುವುದು

ಆ್ಯಪ್ ಇರುವ ಮೆಷಿನ್‌ನಲ್ಲೇ ಡೇಟಾಬೇಸ್ ಇಟ್ಟರೆ ನೆಟ್‌ವರ್ಕ್ ಪೋರ್ಟ್ ತೆರೆಯುವ ಪ್ರಮೇಯವೇ ಇಲ್ಲ, ಯುನಿಕ್ಸ್ ಸಾಕೆಟ್ (ಒಂದೇ ಮೆಷಿನ್‌ನ ಪ್ರೋಸೆಸ್‌ಗಳ ನಡುವಿನ ದಾರಿ) ಮೂಲಕ ಮಾತಾಡಿಕೊಳ್ಳುತ್ತವೆ. ಚಿಕ್ಕ ಆ್ಯಪ್‌ಗೆ ಇದಕ್ಕಿಂತ ಸುರಕ್ಷಿತವಾದ, ಅಗ್ಗದ ವ್ಯವಸ್ಥೆ ಇಲ್ಲ. ಆದರೆ ಮೆಮೊರಿ ಇಬ್ಬರಿಗೂ ಹಂಚಿಕೆಯಾಗಬೇಕು. ಆ್ಯಪ್ ಮೆಮೊರಿ ನುಂಗುತ್ತ ಹೋದಾಗ ಲಿನಕ್ಸ್ ಕರ್ನಲ್ ಯಾರನ್ನಾದರೂ ಕೊಲ್ಲಲೇಬೇಕು, ದೊಡ್ಡದಾಗಿ ಕಾಣುವ ಡೇಟಾಬೇಸ್ ಪ್ರೋಸೆಸ್ಸೇ ಹಲವು ಸಲ ಬಲಿಯಾಗುತ್ತದೆ. ಪೋಸ್ಟ್‌ಗ್ರೆಸ್‌ಗೆ ಮೀಸಲಾದ ಮೆಷಿನ್‌ನಲ್ಲಿ ಶೇರ್ಡ್ ಬಫರ್ಸ್ (ಡೇಟಾಬೇಸ್‌ನ ಕ್ಯಾಶ್) ಒಟ್ಟು ಮೆಮೊರಿಯ ಕಾಲು ಭಾಗ ಎನ್ನುವುದು ರೂಢಿ, ಹಂಚಿಕೊಂಡ 2 ಜಿಬಿ ಮೆಷಿನ್‌ನಲ್ಲಿ 256 ಎಂಬಿಗೆ ನಿಲ್ಲಿಸಿ. ವರ್ಕ್ ಮೆಮ್, ಅಂದರೆ ಕ್ವೆರಿ ತನ್ನ ಕೆಲಸಕ್ಕೆ ಬಳಸುವ ಮೆಮೊರಿ, ಡೀಫಾಲ್ಟ್ 4 ಎಂಬಿ. ಇದು ಕನೆಕ್ಷನ್‌ಗೆ ಒಂದು ಪಾಲಲ್ಲ, ಕ್ವೆರಿಯೊಳಗಿನ ಒಂದೊಂದು ಸಾರ್ಟ್‌ಗೂ ಒಂದೊಂದು ಹ್ಯಾಷ್‌ಗೂ ಬೇರೆ ಬೇರೆ ಪಾಲು. ಯಾರೋ ಹೇಳಿದರೆಂದು 64 ಎಂಬಿ ಮಾಡಿದವರು ಇದನ್ನು ಗುಣಿಸಿ ನೋಡಿರುವುದಿಲ್ಲ.

ಡಾಕರ್ ಕಂಟೇನರ್ (ಸಾಫ್ಟ್‌ವೇರನ್ನು ಅದಕ್ಕೆ ಬೇಕಾದದ್ದರೊಂದಿಗೆ ಪ್ರತ್ಯೇಕವಾಗಿ ಓಡಿಸುವ ಡಬ್ಬಿ) ಡೆವಲಪ್‌ಮೆಂಟ್‌ಗೆ ಹೇಳಿ ಮಾಡಿಸಿದ್ದು. ಪ್ರೊಡಕ್ಷನ್‌ನಲ್ಲೂ ನಡೆಸಬಹುದು, ಆದರೆ ಮೂರು ಗುಂಡಿಗಳಿವೆ. ಪೋಸ್ಟ್‌ಗ್ರೆಸ್‌ನ ಪೋರ್ಟನ್ನು ‘5432:5432’ ಎಂದು ಪಬ್ಲಿಷ್ ಮಾಡಿದರೆ ಡಾಕರ್ ತಾನೇ ಐಪಿಟೇಬಲ್ಸ್ (ಲಿನಕ್ಸ್ ಫೈರ್‌ವಾಲ್) ನಿಯಮ ಬರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಟೂಲ್‌ನಲ್ಲಿ ಆ ಪೋರ್ಟ್ ಮುಚ್ಚಿದ್ದೇವೆಂದು ನೀವು ನೆಮ್ಮದಿಯಾಗಿದ್ದರೂ ಅದು ಹೊರಜಗತ್ತಿಗೆ ತೆರೆದೇ ಇರುತ್ತದೆ. ‘127.0.0.1:5432:5432’ ಎಂದು ಬರೆಯಿರಿ, ಅಥವಾ ಪಬ್ಲಿಷ್ ಮಾಡದೆ ಡಾಕರ್‌ನ ಒಳ ನೆಟ್‌ವರ್ಕ್‌ನಲ್ಲೇ ಬಿಡಿ. ಎರಡನೆಯದು, ಪಾಸ್‌ವರ್ಡ್ ಕೊಡುವ ಎನ್ವಿರಾನ್‌ಮೆಂಟ್ ವೇರಿಯಬಲ್ ಕೆಲಸ ಮಾಡುವುದು ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಮೊದಲ ಸಲ ಮಾತ್ರ. ಆಮೇಲೆ ಅದನ್ನು ಬದಲಿಸಿ ಕಂಟೇನರ್ ಮರುಚಾಲನೆ ಮಾಡಿದರೆ ಹಳೆಯ ಪಾಸ್‌ವರ್ಡೇ ಉಳಿದಿರುತ್ತದೆ. ಮೂರನೆಯದು, ಇಮೇಜ್ ಟ್ಯಾಗ್ 15ರಿಂದ 16ಕ್ಕೆ ಏರಿಸಿದರೆ ಪೋಸ್ಟ್‌ಗ್ರೆಸ್ ಹಳೆಯ ಡೇಟಾ ಫೈಲನ್ನು ಮುಟ್ಟುವುದಿಲ್ಲ, ಶುರುವೇ ಆಗುವುದಿಲ್ಲ. ಡಂಪ್ ತೆಗೆದು ರೀಸ್ಟೋರ್ ಮಾಡಿ, ಇಲ್ಲವೇ ಪಿಜಿ_ಅಪ್‌ಗ್ರೇಡ್ ಓಡಿಸಿ.

ಕ್ಲೌಡ್ ಕಂಪನಿಯವರೇ ನೋಡಿಕೊಳ್ಳುವ ಮ್ಯಾನೇಜ್ಡ್ ಸರ್ವರ್‌ಗೆ ಹೆಚ್ಚು ದುಡ್ಡು ಬೀಳುತ್ತದೆ. ಬದಲಿಗೆ ಪ್ಯಾಚ್, ಬ್ಯಾಕಪ್, ಬೇಕಾದ ನಿಮಿಷಕ್ಕೆ ಹಿಂದಿರುಗುವ ಸೌಲಭ್ಯ ಸಿಗುತ್ತವೆ. ನಿಜವಾದ ಸೂಪರ್‌ಯೂಸರ್ ಅಧಿಕಾರ ಸಿಗುವುದಿಲ್ಲ, ಸರ್ವರಿನ ಡಿಸ್ಕಿಗೆ ಕೈ ಹಾಕಲು ಆಗುವುದಿಲ್ಲ, ಅವರ ಪಟ್ಟಿಯಲ್ಲಿರುವ ಎಕ್ಸ್‌ಟೆನ್ಷನ್ ಮಾತ್ರ ಬಳಸಬಹುದು. ಆರಿಸುವ ಮುನ್ನ ಆ ಪಟ್ಟಿ ನೋಡಿ. ಅಮೆಜಾನ್ ಆರ್‌ಡಿಎಸ್‌ನಲ್ಲಿ ಬ್ಯಾಕಪ್‌ನಿಂದ ರೀಸ್ಟೋರ್ ಮಾಡಿದರೆ ಹೊಸ ವಿಳಾಸದ ಹೊಸ ಸರ್ವರ್ ಹುಟ್ಟುತ್ತದೆ, ಹಳೆಯದರ ಜಾಗದಲ್ಲಿ ಕೂರುವುದಿಲ್ಲ. ಆ್ಯಪ್‌ನಲ್ಲಿ ವಿಳಾಸವನ್ನು ಒಂದೇ ಕಡೆ ಬರೆದಿಟ್ಟಿರಿ. ನಮ್ಮ ಅಳತೆಗೋಲು ಸರಳ: ಡೇಟಾ ಹೋದರೆ ವ್ಯವಹಾರವೇ ನಿಲ್ಲುತ್ತದೆ, ರೀಸ್ಟೋರ್ ಮಾಡಿ ಅಭ್ಯಾಸವಿರುವವರು ತಂಡದಲ್ಲಿ ಇಲ್ಲ ಎಂದಾದರೆ ಮ್ಯಾನೇಜ್ಡ್ ತೆಗೆದುಕೊಳ್ಳಿ.

ಬಾಗಿಲು: ಎರರ್ ಏನು ಹೇಳುತ್ತಿದೆ

ಡೇಟಾಬೇಸ್ ಬೇರೆ ಮೆಷಿನ್‌ನಲ್ಲಿದ್ದರೆ ಮೊದಲ ದಿನ ಕನೆಕ್ಟ್ ಆಗದಿರುವುದು ಮಾಮೂಲು. ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಬದಲಿಸುವ ಮುನ್ನ ಎರರ್ ಓದಿ, ನಿಮ್ಮ ವಿನಂತಿ ಎಲ್ಲಿಯವರೆಗೆ ತಲುಪಿದೆ ಎಂದು ಅದೇ ಹೇಳುತ್ತದೆ.

- ‘ಕನೆಕ್ಷನ್ ರೆಫ್ಯೂಸ್ಡ್’: ಮೆಷಿನ್ ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಕೇಳುವವರಿಲ್ಲ. ಪೋಸ್ಟ್‌ಗ್ರೆಸ್ ಡೀಫಾಲ್ಟ್ ಆಗಿ ಲೋಕಲ್‌ಹೋಸ್ಟ್ ಮಾತ್ರ ಕೇಳುತ್ತದೆ. ಲಿಸನ್_ಅಡ್ರೆಸಸ್‌ಗೆ ಒಳ ಐಪಿ ಸೇರಿಸಿ ಸರ್ವರನ್ನು ರೀಸ್ಟಾರ್ಟ್ ಮಾಡಿ, ಬರೀ ರೀಲೋಡ್ ಸಾಲದು. ಮೈಎಸ್‌ಕ್ಯೂಎಲ್ ಆದರೆ ಬೈಂಡ್-ಅಡ್ರೆಸ್ ನೋಡಿ, ಪೋರ್ಟ್ 3306.
- ಸುಮ್ಮನೆ ಕಾದು ಟೈಮ್‌ಔಟ್: ಹೆಚ್ಚಾಗಿ ನಡುವೆ ಫೈರ್‌ವಾಲ್ ಪ್ಯಾಕೆಟ್ ನುಂಗುತ್ತಿದೆ. ಡೇಟಾಬೇಸ್ ಸೆಟ್ಟಿಂಗ್ ಮುಟ್ಟಬೇಡಿ.
- ‘ನೋ ಪಿಜಿ_ಎಚ್‌ಬಿಎ.ಕಾನ್ಫ್ ಎಂಟ್ರಿ’: ಪೋಸ್ಟ್‌ಗ್ರೆಸ್ ತಲುಪಿದ್ದೀರಿ, ಆದರೆ ಯಾರು ಎಲ್ಲಿಂದ ಬರಬಹುದೆಂದು ಬರೆದಿಡುವ ಈ ಫೈಲಿನಲ್ಲಿ ಆ ಐಪಿ–ಯೂಸರ್–ಡೇಟಾಬೇಸ್ ಜೋಡಿಗೆ ನಿಯಮ ಇಲ್ಲ.
- ‘ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್’: ನಿಯಮ ಸಿಕ್ಕಿದೆ. ಪಾಸ್‌ವರ್ಡ್ ತಪ್ಪಿದ್ದರೂ ಆ ಹೆಸರಿನ ಖಾತೆಯೇ ಇಲ್ಲದಿದ್ದರೂ ಹೊರಗೆ ಬರುವ ಸಾಲು ಒಂದೇ. ನಿಜ ಕಾರಣ ಸರ್ವರ್ ಲಾಗ್‌ನಲ್ಲಿರುತ್ತದೆ.
- ‘ಪೀರ್ ಅಥೆಂಟಿಕೇಷನ್ ಫೇಲ್ಡ್’: ಸಾಕೆಟ್ ಮೂಲಕ ಹೋಗುತ್ತಿದ್ದೀರಿ, ಆಪರೇಟಿಂಗ್ ಸಿಸ್ಟಂ ಯೂಸರ್ ಹೆಸರೂ ಡೇಟಾಬೇಸ್ ಯೂಸರ್ ಹೆಸರೂ ಬೇರೆ. ಇಲ್ಲಿ ಪಾಸ್‌ವರ್ಡನ್ನು ಅದು ಕೇಳುವುದೇ ಇಲ್ಲ.
- ಮೈಎಸ್‌ಕ್ಯೂಎಲ್ 1130: ಈ ಹೋಸ್ಟಿನಿಂದ ಯಾರಿಗೂ ಪ್ರವೇಶವಿಲ್ಲ. 1045: ಹೆಸರು, ಹೋಸ್ಟ್, ಪಾಸ್‌ವರ್ಡ್ ಮೂರರಲ್ಲಿ ಯಾವುದೋ ಹೊಂದುತ್ತಿಲ್ಲ. 1044: ಲಾಗಿನ್ ಆಗಿದೆ, ಆ ಡೇಟಾಬೇಸ್ ಮೇಲೆ ಹಕ್ಕಿಲ್ಲ.

ಪಿಜಿ_ಎಚ್‌ಬಿಎ ಫೈಲನ್ನು ಪೋಸ್ಟ್‌ಗ್ರೆಸ್ ಮೇಲಿನಿಂದ ಕೆಳಗೆ ಓದಿ, ಹೊಂದುವ ಮೊದಲ ಸಾಲಿಗೇ ನಿಲ್ಲುತ್ತದೆ. ಆ ಸಾಲಿನ ಪರೀಕ್ಷೆಯಲ್ಲಿ ಸೋತರೆ ಮುಂದಿನ ಸಾಲಿಗೆ ಇಳಿಯುವುದಿಲ್ಲ. ಹೊಸ ನಿಯಮವನ್ನು ಫೈಲಿನ ಕೊನೆಗೆ ಸೇರಿಸಿ ‘ಏನೂ ಬದಲಾಗಲಿಲ್ಲ’ ಎಂದು ತಲೆ ಚಚ್ಚಿಕೊಳ್ಳುವುದು ಇದರಿಂದಲೇ. ಈ ಫೈಲಿಗೆ ರೀಲೋಡ್ ಸಾಕು. ಬರೆದ ಸಾಲಿನಲ್ಲಿ ತಪ್ಪಿದೆಯೇ ಎಂದು ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್ ಎಂಬ ವ್ಯೂ ತೋರಿಸುತ್ತದೆ. ಬೇಕಾದ ಸಾಲು ಹೀಗಿರಲಿ: ಹೋಸ್ಟ್‌ಎಸ್‌ಎಸ್‌ಎಲ್, ಆ್ಯಪ್‌ನ ಡೇಟಾಬೇಸ್ ಹೆಸರು, ಆ್ಯಪ್ ಖಾತೆಯ ಹೆಸರು, 10.0.2.0/24, ಸ್ಕ್ರಾಮ್-ಶಾ-256. ಎಲ್ಲರಿಗೂ ಎಲ್ಲಕ್ಕೂ 0.0.0.0/0 ಬರೆಯುವುದು, ವಿಧಾನದ ಜಾಗದಲ್ಲಿ ‘ಟ್ರಸ್ಟ್’ ಹಾಕುವುದು ಪರೀಕ್ಷೆಗಾಗಿಯೂ ಬೇಡ. ಪರೀಕ್ಷೆಗೆ ಹಾಕಿದ ಸಾಲು ಪ್ರೊಡಕ್ಷನ್‌ನಲ್ಲಿ ಉಳಿದುಬಿಡುತ್ತದೆ.

ಮೈಎಸ್‌ಕ್ಯೂಎಲ್ ದಾರಿ ಬೇರೆ. ಅಲ್ಲಿ ಹೋಸ್ಟ್ ಎನ್ನುವುದು ಖಾತೆಯ ಹೆಸರಿನದೇ ಭಾಗ. ‘ಆ್ಯಪ್’@‘ಲೋಕಲ್‌ಹೋಸ್ಟ್’ ಮತ್ತು ‘ಆ್ಯಪ್’@‘10.0.2.%’ ಎರಡು ಬೇರೆ ಖಾತೆಗಳು, ಪಾಸ್‌ವರ್ಡೂ ಹಕ್ಕೂ ಬೇರೆ ಬೇರೆ. ಒಂದಕ್ಕೆ ಪಾಸ್‌ವರ್ಡ್ ಬದಲಿಸಿ ಇನ್ನೊಂದರ ಮೂಲಕ ಲಾಗಿನ್ ಆಗಲು ಹೋದರೆ 1045. ಜೊತೆಗೆ, ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್ ಕ್ಲೈಂಟ್‌ಗೆ ‘ಲೋಕಲ್‌ಹೋಸ್ಟ್’ ಎಂದರೆ ಸಾಕೆಟ್, 127.0.0.1 ಎಂದರೆ ಟಿಸಿಪಿ.

ಖಾತೆಗಳು: ಒಂದೋ ಮೂರೋ

ಒಂದೇ ಖಾತೆಯ ಪರವಾದ ವಾದ ಒಂದೇ: ಸುಲಭ. ಆದರೆ ಆ್ಯಪ್‌ನಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್ ರಂಧ್ರ (ಹೊರಗಿನವರು ತಮ್ಮ ಕಮಾಂಡ್ ತೂರಿಸಬಹುದಾದ ದೋಷ) ಒಂದು ಉಳಿದಿದ್ದರೆ, ಟೇಬಲ್‌ನ ಒಡೆತನವಿರುವ ಖಾತೆಯಿಂದ ಟೇಬಲ್ಲನ್ನೇ ಅಳಿಸಬಹುದು. ಅದೇ ಸೂಪರ್‌ಯೂಸರ್ ಆಗಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ಸರ್ವರ್ ಮೆಷಿನ್‌ನ ಕಮಾಂಡನ್ನೇ ಓಡಿಸಬಹುದು. ನಾವು ಮೂರು ಖಾತೆ ಮಾಡುತ್ತೇವೆ. ಆ್ಯಪ್_ಓನರ್ ಟೇಬಲ್‌ಗಳ ಒಡೆಯ, ಮೈಗ್ರೇಷನ್ ಓಡುವಾಗ ಮಾತ್ರ ಬಳಕೆ. ಆ್ಯಪ್_ರನ್ ದಿನವಿಡೀ ಆ್ಯಪ್ ಬಳಸುವುದು, ಸಾಲುಗಳನ್ನು ಓದಿ ಬರೆದು ಅಳಿಸಬಹುದು, ಟೇಬಲ್ ಬದಲಿಸಲಾಗದು. ಆ್ಯಪ್_ರೀಡ್ ವರದಿಗೆ, ಡ್ಯಾಶ್‌ಬೋರ್ಡಿಗೆ, ಡೇಟಾ ನೋಡಬೇಕಾದ ಸಹೋದ್ಯೋಗಿಗೆ.

ಪೋಸ್ಟ್‌ಗ್ರೆಸ್‌ನಲ್ಲಿ ಕ್ರಮ ಹೀಗೆ. ಮೂರೂ ರೋಲ್ (ಖಾತೆಗೆ ಪೋಸ್ಟ್‌ಗ್ರೆಸ್ ಇಟ್ಟ ಹೆಸರು) ಸೃಷ್ಟಿಸಿ, ಆ್ಯಪ್_ಓನರ್ ಒಡೆತನದಲ್ಲಿ ಡೇಟಾಬೇಸ್ ಮಾಡಿ. ಆ ಡೇಟಾಬೇಸ್ ಮೇಲೆ ಪಬ್ಲಿಕ್‌ಗೆ, ಅಂದರೆ ಎಲ್ಲ ಖಾತೆಗಳಿಗೂ, ಇರುವ ಕನೆಕ್ಟ್ ಹಕ್ಕನ್ನು ರಿವೋಕ್ ಮಾಡಿ ಮೂವರಿಗೆ ಮಾತ್ರ ಕೊಡಿ. ಇಲ್ಲದಿದ್ದರೆ ಅದೇ ಸರ್ವರಿನ ಬೇರೆ ಆ್ಯಪ್‌ನ ಖಾತೆಯೂ ಇಲ್ಲಿಗೆ ಬರಬಹುದು. ಒಳಗೆ ಆ್ಯಪ್‌ಗೆಂದೇ ಒಂದು ಸ್ಕೀಮಾ (ಟೇಬಲ್‌ಗಳನ್ನು ಗುಂಪಾಗಿಡುವ ಜಾಗ) ಮಾಡಿ, ಉಳಿದಿಬ್ಬರಿಗೆ ಅದರ ಯೂಸೇಜ್ ಕೊಡಿ. ಯೂಸೇಜ್ ಮರೆತರೆ ಟೇಬಲ್ ಮೇಲೆ ಎಷ್ಟು ಹಕ್ಕಿದ್ದರೂ ಒಳಗೆ ಹೋಗಲಾಗದು. ಆ್ಯಪ್_ರನ್‌ಗೆ ಟೇಬಲ್‌ಗಳ ಮೇಲೆ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್, ಸೀಕ್ವೆನ್ಸ್‌ಗಳ (ಮುಂದಿನ ಐಡಿ ಸಂಖ್ಯೆ ಕೊಡುವ ಎಣಿಕೆಗಳು) ಮೇಲೆ ಯೂಸೇಜ್. ಆ್ಯಪ್_ರೀಡ್‌ಗೆ ಸೆಲೆಕ್ಟ್ ಮಾತ್ರ. ಐಡಿ ಕಾಲಂ ‘ಸೀರಿಯಲ್’ ಆಗಿದ್ದು ಸೀಕ್ವೆನ್ಸ್ ಹಕ್ಕು ಮರೆತಿದ್ದರೆ ಓದುವುದು ನಡೆದು ಇನ್ಸರ್ಟ್ ಮಾತ್ರ ಬೀಳುತ್ತದೆ. ಐಡೆಂಟಿಟಿ ಕಾಲಂ ಬಳಸಿದರೆ ಈ ತಾಪತ್ರಯ ಇಲ್ಲ.

ಇಷ್ಟು ಮಾಡಿದರೆ ಇವತ್ತಿನ ಟೇಬಲ್‌ಗಳಿಗೆ ಸಾಕು. ನಾಳೆ ಮೈಗ್ರೇಷನ್ ಹೊಸ ಟೇಬಲ್ ಸೇರಿಸಿದಾಗ ‘ಪರ್ಮಿಷನ್ ಡಿನೈಡ್ ಫಾರ್ ಟೇಬಲ್’ ಬರುತ್ತದೆ, ಏಕೆಂದರೆ ‘ಆಲ್ ಟೇಬಲ್ಸ್’ ಎಂದು ಕೊಟ್ಟ ಗ್ರಾಂಟ್ ಆ ಕ್ಷಣ ಇದ್ದ ಟೇಬಲ್‌ಗಳಿಗಷ್ಟೇ. ಮುಂದಿನವುಗಳಿಗೆ ‘ಆಲ್ಟರ್ ಡೀಫಾಲ್ಟ್ ಪ್ರಿವಿಲೆಜಸ್’ ಬೇಕು, ಅದರಲ್ಲಿ ‘ಫಾರ್ ರೋಲ್ ಆ್ಯಪ್_ಓನರ್’ ಎಂಬ ಭಾಗ ಬಿಡಲೇಬಾರದು. ಅದು ಬಿಟ್ಟರೆ ಕಮಾಂಡ್ ಓಡಿಸಿದವರು ಮುಂದೆ ಸೃಷ್ಟಿಸುವ ಟೇಬಲ್‌ಗಳಿಗೆ ಮಾತ್ರ ಅನ್ವಯ. ನೀವು ಅದನ್ನು ಅಡ್ಮಿನ್ ಆಗಿ ಓಡಿಸಿ, ಮೈಗ್ರೇಷನ್ ಓನರ್ ಆಗಿ ಓಡಿದರೆ ಎರಡಕ್ಕೂ ಸಂಬಂಧವೇ ಇಲ್ಲ. ತಿರುಗಾಮುರುಗಾ ಆದರೂ ಅದೇ ಗತಿ: ತುರ್ತಿಗೆ ಯಾರೋ ಅಡ್ಮಿನ್ ಖಾತೆಯಿಂದ ಟೇಬಲ್ ಸೃಷ್ಟಿಸಿದರೆ ಅದರ ಒಡೆತನವೂ ಅಡ್ಮಿನ್‌ಗೇ, ಮುಂದಿನ ಮೈಗ್ರೇಷನ್ ‘ಮಸ್ಟ್ ಬಿ ಓನರ್’ ಎಂದು ನಿಲ್ಲುತ್ತದೆ.

ಹಳೆಯ ಟ್ಯುಟೋರಿಯಲ್ ನೋಡಿ ಮಾಡುವವರಿಗೆ ಇನ್ನೊಂದು ಸೂಚನೆ. 2022ರ ಪೋಸ್ಟ್‌ಗ್ರೆಸ್ 15ರಿಂದ ಪಬ್ಲಿಕ್ ಎಂಬ ಡೀಫಾಲ್ಟ್ ಸ್ಕೀಮಾದಲ್ಲಿ ಟೇಬಲ್ ಸೃಷ್ಟಿಸುವ ಹಕ್ಕು ಎಲ್ಲರಿಗೂ ಇರುವುದಿಲ್ಲ. ‘ಗ್ರಾಂಟ್ ಆಲ್ ಆನ್ ಡೇಟಾಬೇಸ್’ ಕೊಟ್ಟರೂ ‘ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್’ ಬರುತ್ತದೆ. ಡೇಟಾಬೇಸ್ ಮೇಲಿನ ಹಕ್ಕು ಬೇರೆ, ಸ್ಕೀಮಾ ಮೇಲಿನದು ಬೇರೆ. ಡೇಟಾಬೇಸ್‌ನ ಒಡೆಯರಿಗೆ ಈ ತೊಂದರೆ ಬರುವುದಿಲ್ಲ.

ರೋಲ್‌ಗೇ ಮಿತಿಗಳನ್ನು ಅಂಟಿಸಿಡಬಹುದು. ಆ್ಯಪ್_ರೀಡ್‌ಗೆ ಸ್ಟೇಟ್‌ಮೆಂಟ್_ಟೈಮ್‌ಔಟ್ 30 ಸೆಕೆಂಡ್, ಕನೆಕ್ಷನ್ ಲಿಮಿಟ್ 5 ಇಟ್ಟರೆ ಯಾರದೋ ದೊಡ್ಡ ವರದಿ ಇಡೀ ಸರ್ವರನ್ನು ಎಳೆಯುವುದಿಲ್ಲ. ಆ್ಯಪ್_ಓನರ್‌ಗೆ ಲಾಕ್_ಟೈಮ್‌ಔಟ್ 5 ಸೆಕೆಂಡ್ ಇಡಿ. ಟೇಬಲ್ ಬದಲಿಸುವ ಕಮಾಂಡ್ ಲಾಕ್‌ಗಾಗಿ ಕಾಯುತ್ತ ಕುಳಿತರೆ ಅದರ ಹಿಂದೆ ಬಂದ ಸಾಮಾನ್ಯ ಕ್ವೆರಿಗಳೂ ಸಾಲುಗಟ್ಟಿ ನಿಲ್ಲುತ್ತವೆ. ಹೊರಗಿನಿಂದ ನೋಡಿದರೆ ಸೈಟ್ ಬಿದ್ದಂತೆಯೇ. ಐದು ಸೆಕೆಂಡಿಗೆ ಸೋತು ಮತ್ತೆ ಪ್ರಯತ್ನಿಸುವುದು ಎಷ್ಟೋ ಮೇಲು.

ಇದೇ ಕೆಲಸ ಮೈಎಸ್‌ಕ್ಯೂಎಲ್‌ನಲ್ಲಿ ಹಗುರ. ಡೇಟಾಬೇಸ್ ಮಟ್ಟದಲ್ಲಿ, ಅಂದರೆ ‘ಆ್ಯಪ್‌ಡಿಬಿ.*’ ಮೇಲೆ ಕೊಟ್ಟ ಗ್ರಾಂಟ್ ಮುಂದೆ ಬರುವ ಟೇಬಲ್‌ಗಳಿಗೂ ಸಲ್ಲುತ್ತದೆ. ಟೇಬಲ್‌ಗೆ ಒಡೆಯ ಎಂಬ ಕಲ್ಪನೆಯೂ ಇಲ್ಲ. ಆದರೆ ಗ್ರಾಂಟ್‌ನಲ್ಲಿ ಡೇಟಾಬೇಸ್ ಹೆಸರಿನೊಳಗಿನ ಅಂಡರ್‌ಸ್ಕೋರ್ ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥ ಪಡೆಯುತ್ತದೆ. ಹಿಂದೆ ಬ್ಯಾಕ್‌ಸ್ಲ್ಯಾಷ್ ಹಾಕಿ, ಇಲ್ಲವೇ ಹೆಸರಿನಲ್ಲಿ ಅಂಡರ್‌ಸ್ಕೋರ್ ಇಡಲೇಬೇಡಿ. 8.0ರಲ್ಲಿ ರೋಲ್‌ಗಳು (ಇಲ್ಲಿ ಲಾಗಿನ್ ಖಾತೆಯಲ್ಲ, ಹಕ್ಕುಗಳ ಕಟ್ಟು) ಬಂದಿವೆ, ಆದರೆ ರೋಲ್ ಕೊಟ್ಟ ಮಾತ್ರಕ್ಕೆ ಲಾಗಿನ್ ಆದಾಗ ಅದು ಜಾರಿಗೆ ಬರುವುದಿಲ್ಲ. ‘ಸೆಟ್ ಡೀಫಾಲ್ಟ್ ರೋಲ್’ ಕೂಡ ಕೊಡಬೇಕು. ಅದೇ ಆವೃತ್ತಿಯಿಂದ ಗ್ರಾಂಟ್ ತಾನಾಗಿ ಯೂಸರ್ ಸೃಷ್ಟಿಸುವುದನ್ನೂ ನಿಲ್ಲಿಸಿದೆ, ಮೊದಲು ‘ಕ್ರಿಯೇಟ್ ಯೂಸರ್’ ಬೇಕೇ ಬೇಕು. ಗ್ರಾಂಟ್ ಆದಮೇಲೆ ‘ಫ್ಲಷ್ ಪ್ರಿವಿಲೆಜಸ್’ ಹೊಡೆಯುವುದು ಬರೀ ಅಭ್ಯಾಸಬಲ, ಅಗತ್ಯವಿಲ್ಲ.

ಪಾಸ್‌ವರ್ಡೋ ಬೇರೆ ದಾರಿಯೋ

ಒಂದೇ ಮೆಷಿನ್ ಆದರೆ ಪಾಸ್‌ವರ್ಡೇ ಬೇಡ. ಪೋಸ್ಟ್‌ಗ್ರೆಸ್‌ನ ಪೀರ್, ಮಾರಿಯಾಡಿಬಿಯ ಯುನಿಕ್ಸ್ ಸಾಕೆಟ್ ವಿಧಾನಗಳು ಆಪರೇಟಿಂಗ್ ಸಿಸ್ಟಂ ಯೂಸರನ್ನೇ ನಂಬುತ್ತವೆ, ಕದಿಯಲು ಗುಟ್ಟೇ ಇರುವುದಿಲ್ಲ. ಬೇರೆ ಮೆಷಿನ್ ಆದರೆ ಪಾಸ್‌ವರ್ಡ್ ಜೊತೆ ಟಿಎಲ್‌ಎಸ್ ಎಂಬ ಗೂಢಲಿಪಿ ವ್ಯವಸ್ಥೆ. ಪೋಸ್ಟ್‌ಗ್ರೆಸ್ ಕ್ಲೈಂಟ್‌ನಲ್ಲಿ ಎಸ್‌ಎಸ್‌ಎಲ್‌ಮೋಡ್ ‘ರಿಕ್ವೈರ್’ ಎಂದರೆ ಮಾತು ಗೂಢಲಿಪಿಯಲ್ಲಿ ಹೋಗುತ್ತದೆ, ಆದರೆ ಆ ತುದಿಯಲ್ಲಿರುವುದು ನಿಮ್ಮ ಸರ್ವರೇ ಎಂಬ ಖಾತ್ರಿ ಇರುವುದಿಲ್ಲ. ಅದಕ್ಕೆ ‘ವೆರಿಫೈ-ಫುಲ್’ ಮತ್ತು ಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಸರ್ಟಿಫಿಕೇಟ್ ಫೈಲ್ ಬೇಕು. ಆರ್‌ಡಿಎಸ್‌ನಲ್ಲಿ ಪಾಸ್‌ವರ್ಡ್ ಬದಲು ಐಎಎಂ (ಅಮೆಜಾನ್‌ನ ಗುರುತು-ಅನುಮತಿ ವ್ಯವಸ್ಥೆ) ಟೋಕನ್ ಬಳಸುವುದಾದರೆ ಅದರ ಆಯುಸ್ಸು 15 ನಿಮಿಷ, ಅದೂ ಕನೆಕ್ಟ್ ಆಗುವ ಗಳಿಗೆಗೆ ಮಾತ್ರ. ತೆರೆದ ಕನೆಕ್ಷನ್ ಮುಂದುವರಿಯುತ್ತದೆ. ಪೂಲ್ (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಹೊಸ ಕನೆಕ್ಷನ್ ತೆರೆಯುವಾಗಲೆಲ್ಲ ಹೊಸ ಟೋಕನ್ ಕೇಳುವಂತೆ ಕೋಡ್ ಇರಬೇಕು.

ಕನೆಕ್ಷನ್ ಯುಆರ್‌ಎಲ್‌ನಲ್ಲಿ ಪಾಸ್‌ವರ್ಡ್ ಬರೆಯುವಾಗ @, :, /, # ಇದ್ದರೆ ಪರ್ಸೆಂಟ್ ರೂಪಕ್ಕೆ ಬದಲಿಸಬೇಕು. @ ಇದ್ದರೆ %40. ‘ಪಾಸ್‌ವರ್ಡ್ ಸರಿಯಿದೆ, ಆದರೂ ಹೋಸ್ಟ್ ಸಿಗುತ್ತಿಲ್ಲ’ ಎಂಬ ವಿಚಿತ್ರ ದೂರಿನ ಮೂಲ ಹೆಚ್ಚಾಗಿ ಇದೇ. ಅಕ್ಷರ ಮತ್ತು ಅಂಕಿ ಮಾತ್ರ ಇರುವ 32 ಅಕ್ಷರಗಳ ಪಾಸ್‌ವರ್ಡ್ ಹುಟ್ಟಿಸಿಕೊಂಡರೆ ಈ ಗೊಡವೆಯೇ ಇಲ್ಲ. ಸೈಟ್ ನಿಲ್ಲಿಸದೆ ಪಾಸ್‌ವರ್ಡ್ ಬದಲಿಸಲು ಮೈಎಸ್‌ಕ್ಯೂಎಲ್ 8.0.14ರಿಂದ ‘ರಿಟೇನ್ ಕರೆಂಟ್ ಪಾಸ್‌ವರ್ಡ್’ ಇದೆ, ಹಳೆಯದೂ ಹೊಸದೂ ಸ್ವಲ್ಪ ಕಾಲ ಜೊತೆಗೆ ನಡೆಯುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಹಕ್ಕಿರುವ ಎರಡು ಲಾಗಿನ್ ಖಾತೆ ಮಾಡಿ, ಒಂದರಿಂದ ಇನ್ನೊಂದಕ್ಕೆ ಸರಿಯಿರಿ.

ಕನೆಕ್ಷನ್ ಲೆಕ್ಕ

ಪೋಸ್ಟ್‌ಗ್ರೆಸ್ ಡೀಫಾಲ್ಟ್ ಮಿತಿ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಮೈಎಸ್‌ಕ್ಯೂಎಲ್‌ನದು 151. ನಾಲ್ಕು ಆ್ಯಪ್ ಸರ್ವರ್, ಒಂದೊಂದರಲ್ಲಿ ನಾಲ್ಕು ವರ್ಕರ್, ಪ್ರತಿ ವರ್ಕರ್‌ಗೆ 10ರ ಪೂಲ್ ಎಂದರೆ 160. ಡಿಪ್ಲಾಯ್ ಹೊತ್ತಿನಲ್ಲಿ ಹಳೆಯವೂ ಹೊಸವೂ ಒಟ್ಟಿಗೆ ಓಡಿದರೆ 320. ಮಿತಿಯನ್ನು ಏರಿಸುವುದಕ್ಕಿಂತ ಪೂಲನ್ನು 3–4ಕ್ಕೆ ಇಳಿಸಿ ನೋಡಿ. ಸಾಲದಿದ್ದರೆ ಪಿಜಿಬೌನ್ಸರ್ (ಆ್ಯಪ್‌ಗೂ ಪೋಸ್ಟ್‌ಗ್ರೆಸ್‌ಗೂ ನಡುವೆ ಕನೆಕ್ಷನ್ ಹಂಚುವ ಸಾಫ್ಟ್‌ವೇರ್) ಇಡಿ, ಪೋರ್ಟ್ 6432. ಅದರ ಟ್ರಾನ್ಸಾಕ್ಷನ್ ಮೋಡ್ ಹೆಚ್ಚು ಕನೆಕ್ಷನ್ ಉಳಿಸುತ್ತದೆ, ಆದರೆ ಸೆಷನ್‌ಗೆ ಅಂಟಿದ ಸೆಟ್, ಲಿಸನ್, ಸೆಷನ್ ಮಟ್ಟದ ಅಡ್ವೈಸರಿ ಲಾಕ್ (ಆ್ಯಪ್ ತನ್ನ ಲೆಕ್ಕಕ್ಕೆ ಹಾಕಿಕೊಳ್ಳುವ ಬೀಗ) ಇವು ಕೆಡುತ್ತವೆ. ಮೈಗ್ರೇಷನ್‌ಗಳನ್ನು ಪಿಜಿಬೌನ್ಸರ್ ಬಿಟ್ಟು ನೇರ 5432ಕ್ಕೆ ಕಳಿಸಿ, ಹಲವು ಮೈಗ್ರೇಷನ್ ಟೂಲ್‌ಗಳು ಆ ಲಾಕನ್ನೇ ನಂಬಿವೆ.

ಮೈಎಸ್‌ಕ್ಯೂಎಲ್‌ನಲ್ಲಿ ಬೆಳಿಗ್ಗೆ ಮೊದಲ ಬಳಕೆದಾರರಿಗೆ ಮಾತ್ರ ‘ಸರ್ವರ್ ಹ್ಯಾಸ್ ಗಾನ್ ಅವೇ’ ಬಂದು, ರೀಫ್ರೆಶ್ ಮಾಡಿದರೆ ಸರಿಹೋದರೆ ವೇಟ್_ಟೈಮ್‌ಔಟ್ ಕಡೆ ನೋಡಿ. ಅದು 28800 ಸೆಕೆಂಡ್, ಅಂದರೆ 8 ಗಂಟೆ. ರಾತ್ರಿಯಿಡೀ ಸುಮ್ಮನಿದ್ದ ಕನೆಕ್ಷನ್ನನ್ನು ಸರ್ವರ್ ಮುಚ್ಚಿರುತ್ತದೆ, ಪೂಲ್‌ಗೆ ಗೊತ್ತಿರುವುದಿಲ್ಲ. ಪೂಲ್‌ನ ಗರಿಷ್ಠ ಆಯುಸ್ಸನ್ನು ಅರ್ಧ ಗಂಟೆಗೆ ಇಳಿಸಿ.

ಬ್ಯಾಕಪ್‌ನಲ್ಲಿ ಖಾತೆಗಳು ಇರುವುದಿಲ್ಲ

ಪಿಜಿ_ಡಂಪ್ ಒಂದು ಡೇಟಾಬೇಸಿನ ಟೇಬಲ್‌ಗಳನ್ನೂ ಅವುಗಳ ಗ್ರಾಂಟ್‌ಗಳನ್ನೂ ತೆಗೆಯುತ್ತದೆ, ರೋಲ್‌ಗಳನ್ನಲ್ಲ. ಹೊಸ ಸರ್ವರಿಗೆ ರೀಸ್ಟೋರ್ ಮಾಡಿದರೆ ‘ರೋಲ್ ಡಸ್ ನಾಟ್ ಎಕ್ಸಿಸ್ಟ್’ ಸಾಲುಗಳ ಮಳೆ. ಪಿಜಿ_ಡಂಪಾಲ್ ಅನ್ನು ಗ್ಲೋಬಲ್ಸ್-ಓನ್ಲಿ ಆಯ್ಕೆಯೊಂದಿಗೆ ಓಡಿಸಿ ಅದನ್ನೂ ಜೊತೆಗಿಡಿ. ಮೈಎಸ್‌ಕ್ಯೂಎಲ್‌ಡಂಪ್‌ಗೆ ಸಿಂಗಲ್-ಟ್ರಾನ್ಸಾಕ್ಷನ್ ಕೊಡಿ, ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಬಗೆ) ಟೇಬಲ್‌ಗಳನ್ನು ಲಾಕ್ ಮಾಡದೆ ಒಂದೇ ಗಳಿಗೆಯ ಚಿತ್ರ ಸಿಗುತ್ತದೆ. ಖಾತೆಗಳು ‘ಮೈಎಸ್‌ಕ್ಯೂಎಲ್’ ಎಂಬ ಬೇರೆ ಡೇಟಾಬೇಸ್‌ನಲ್ಲಿರುವುದರಿಂದ ಆ್ಯಪ್‌ನ ಡೇಟಾಬೇಸನ್ನಷ್ಟೇ ಡಂಪ್ ಮಾಡಿದರೆ ಅವು ಇಲ್ಲೂ ಬರುವುದಿಲ್ಲ. ಖಾತೆ ಸೃಷ್ಟಿಸುವ ಕಮಾಂಡ್‌ಗಳನ್ನು, ಪಾಸ್‌ವರ್ಡ್ ಬಿಟ್ಟು, ಕೋಡ್ ಜೊತೆಗೇ ಒಂದು ಫೈಲಿನಲ್ಲಿಡುವುದು ಇನ್ನೂ ಒಳ್ಳೆಯದು.

ಆ್ಯಪ್ ಲೈವ್ ಆಗುವ ಮುನ್ನ ಆ್ಯಪ್_ರನ್ ಆಗಿ ಲಾಗಿನ್ ಆಗಿ ಒಂದು ಟೇಬಲ್ ಸೃಷ್ಟಿಸಲು, ಇರುವ ಟೇಬಲ್ ಒಂದನ್ನು ಟ್ರಂಕೇಟ್ (ಪೂರ್ತಿ ಖಾಲಿ) ಮಾಡಲು ಯತ್ನಿಸಿ. ಎರಡಕ್ಕೂ ನಿರಾಕರಣೆ ಬರಬೇಕು. ಟ್ರಂಕೇಟ್ ಪರೀಕ್ಷೆಯನ್ನು ಪೋಸ್ಟ್‌ಗ್ರೆಸ್‌ನಲ್ಲಿ ಬಿಗಿನ್ ಕೊಟ್ಟು ಮಾಡಿದರೆ, ನಡೆದೇಬಿಟ್ಟರೂ ರೋಲ್‌ಬ್ಯಾಕ್ ಮಾಡಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಆ ಅವಕಾಶ ಇಲ್ಲ, ಖಾಲಿ ಟೇಬಲ್ ಮೇಲೆಯೇ ಪರೀಕ್ಷಿಸಿ. ಆಮೇಲೆ ಆ್ಯಪ್_ಓನರ್ ಆಗಿ ಹೊಸ ಟೇಬಲ್ ಒಂದನ್ನು ಮಾಡಿ, ಆ್ಯಪ್_ರೀಡ್‌ನಿಂದ ಅದನ್ನು ಓದಿ ನೋಡಿ. ಇಲ್ಲಿ ‘ಪರ್ಮಿಷನ್ ಡಿನೈಡ್’ ಬಂದರೆ ಡೀಫಾಲ್ಟ್ ಪ್ರಿವಿಲೆಜಸ್ ಸಾಲಿನಲ್ಲಿ ‘ಫಾರ್ ರೋಲ್’ ಬಿಟ್ಟುಹೋಗಿದೆ.